ಮೇಗಲ ಹೊಲದ ಒಟ್ಲು

ತೊಲೆಯ ಕೊಕ್ಕೆಯಲ್ಲಿ ನೇತಾಡುತ್ತಿದ್ದ ಬಟ್ಟೆಚೀಲವನ್ನು ಲಕ್ಷ್ಮಿದೇವಮ್ಮ ಒನಕೆಯ ತುದಿಯಿಂದ ಎತ್ತಿ ಎತ್ತಿ ನೋಡಿದಳು. ಎರಡು ಸಲ ಜಾರಿತು. ಆಮೇಲೆ ಕಳಚಿಕೊಂಡು ಅವಳ ಮಡಿಲಿಗೇ ಬಿತ್ತು. ಬಾಯಿಯ ದಾರ ಬಿಚ್ಚಿ ಒಳಗೆ ಕೈ ಹಾಕಿದಳು. ಕಾಳು ರಾಗಿ.

“ಸಿಕ್ತು ಕಣವ್ವ! ಇಷ್ಟು ದೊಡ್ಡ ಮನೇಲಿ ಒಂದಿಡಿ ರಾಗಿಗೆ ಒತ್ತಾರೆಯಿಂದ ಉಡುಕಾಡಂಗಾಯ್ತಲ್ಲ.”

ಮೊರದಲ್ಲಿ ಉಳಿದ ಎಂಟು ಬಗೆಯ ಕಾಳು ಆಗಲೇ ಸೇರಿದ್ದವು. ಸತ್ತವರನ್ನು ಮಣ್ಣು ಮಾಡಿದ ಮೇಲೆ ಗುಡ್ಡೆಯ ಮೇಲೆ ನವಧಾನ್ಯ ಚೆಲ್ಲಿ ಬರುವುದು ಆ ಮನೆತನದಲ್ಲಿ ಹಿಂದಿನಿಂದ ನಡೆದುಬಂದದ್ದು. ಹೆಸರು, ಉದ್ದು, ಹುರುಳಿ, ಎಳ್ಳು ಎಲ್ಲವೂ ಕುಡಿಕೆಗಳಲ್ಲಿ ಸಿಕ್ಕಿದವು, ರಾಗಿ ಮಾತ್ರ ಸಿಗಲಿಲ್ಲ. ಮನೆಯಲ್ಲಿ ರಾಗಿ ಇಲ್ಲವೆಂದಲ್ಲ. ಅಂಗಳದ ಹಗೇವಿನಲ್ಲಿ, ನೆಲದೊಳಗೆ, ವರ್ಷಕ್ಕಾಗಿ ಮಿಗುವಷ್ಟು ಇತ್ತು. ಆದರೆ ಸಾವಾದ ದಿನ ಹಗೇವಿನ ಬಾಯಿ ತೆಗೆಯುವಂತಿಲ್ಲ. ತೆಗೆದರೆ ಆ ಕಾಳು ಮನೆಗೆ ದಕ್ಕುವುದಿಲ್ಲ ಎಂಬ ಮಾತು ಒಂದು ಕಡೆ. ತೆಗೆದರೂ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಯಾರೂ ಇಳಿಯುವಂತಿಲ್ಲ ಎಂಬುದು ಇನ್ನೊಂದು ಕಡೆ. ಮಡಕೆಯಲ್ಲಿ ಇದ್ದದ್ದು ಬೀಸಿಟ್ಟ ಹಿಟ್ಟು. ಹಿಟ್ಟನ್ನು ಗುಡ್ಡೆಗೆ ಚೆಲ್ಲಿದರೆ ಏನು ಮೊಳೆಯುತ್ತದೆ?

“ಅತ್ಗೆ, ಕೊಕ್ಕೇಲಿತ್ತು. ಇದ್ನೇ ಆಕ್ಬುಡ್ಲಾ?”

ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದ ಮುದ್ದಮ್ಮ ತಲೆಯಾಡಿಸಿದಳು. ಸತ್ತವನು ಅವಳ ಕಿರಿಯ ಮಗ ಚಂದ್ರಯ್ಯ. ಬೆಳಗಿನಿಂದ ಯಾರು ಏನು ಕೇಳಿದರೂ ಅವಳು ಹೀಗೇ ತಲೆಯಾಡಿಸುತ್ತಿದ್ದಳು. ಮನೆಯ ಬಾಗಿಲು ಕಿತ್ತು ಸೌದೆ ಮಾಡಲೇ ಎಂದಿದ್ದರೂ ಆಡಿಸುತ್ತಿದ್ದಳೇನೋ.

“ಎಲ್ಡ್ ಬೊಗಸೆ ಅದೆ, ಅಷ್ಟೂ ಸುರಿದ್ಬುಡ್ತೀನಿ. ಸತ್ತೋನ್ ಎಸ್ರಿಗೆ ತೆಗ್ದಿದ್ದ ಮನೇಲಿ ಉಳುಸ್ಬಾರ್ದು,” ಎಂದು ಲಕ್ಷ್ಮಿದೇವಮ್ಮ ಮೊರಕ್ಕೆ ಸುರಿದಳು. ಒಂಬತ್ತೂ ಕಾಳು ಬೆರೆಸಿ ಮತ್ತೆ ಅದೇ ಚೀಲಕ್ಕೆ ತುಂಬಿದಳು. ಚೀಲದ ದಾರಕ್ಕೆ ಒಂದು ತಗಡಿನ ಚೂರು ಕಟ್ಟಿತ್ತು, ಅದರ ಮೇಲೆ ಏನೋ ಅಂಕಿ ಕೊರೆದಿತ್ತು. ಓದು ಬಾರದ ಅವಳಿಗೆ ಅದು ಬರೀ ತಗಡು. ಸೋದರಳಿಯನ ಸಾವಿಗೆ ಅತ್ತು ಅತ್ತು ಕಣ್ಣು ಬೇರೆ ಊದಿಕೊಂಡಿದ್ದವು.

ಹೊರಗೆ ಜಗಲಿಯಲ್ಲಿ ಗಂಡನ ತಲೆಯ ಹತ್ತಿರ ಕೂತಿದ್ದ ಜಯಲಕ್ಷ್ಮಮ್ಮನಿಗೆ ಇದಾವುದೂ ಗೊತ್ತಾಗಲಿಲ್ಲ. ಆದರೆ ಅವಳ ಮನಸ್ಸೆಲ್ಲ ಆ ಕೊಕ್ಕೆಯ ಮೇಲೆಯೇ ಇತ್ತು. ಅಳು ಬಂದಾಗ ಅಳುತ್ತಿದ್ದಳು, ನಿಂತಾಗ ಚೀಲ ನೆನಪಾಗುತ್ತಿತ್ತು. ನೆನ್ನೆ ಸಾಯಂಕಾಲ, ಕಾಮಾಲೆಯಿಂದ ಅರಿಶಿನವಾಗಿದ್ದ ಕಣ್ಣು ತೆರೆದು, ಗಂಡ ಸರಿಯಾಗಿ ಆಡಿದ ಕೊನೆಯ ಮಾತು ಅದೇ ಆಗಿತ್ತು.

“ಜಯಾ, ಆ ಬಿತ್ತನೆ ಬೇರೆ ಎಲ್ಲೂ ಇಲ್ಲ, ಇರೋದು ಅಷ್ಟೇಯ. ಆರಿದ್ರೆ ಮಳೆ ಹಿಡೀತಲೂ ಮೇಗಲ ಹೊಲದಲ್ಲಿ ಒಟ್ಲು ಹಾಕ್ಸು. ಮನೇ ರಾಗಿ ಜೊತೇಲಿ ಬೆರೆಸ್ಬ್ಯಾಡಿ. ರಾಗಿ ಎಷ್ಟ್ ವರ್ಷ ಇಟ್ರೂ ಸಾಯಲ್ಲ. ಆದ್ರೆ ನಾನಿಲ್ದಿದ್ರೆ ಅದು ಮುದ್ದೆ ಆಗ್ಬುಡ್ತದೆ.”

ಒಟ್ಲು ಎಂದರೆ ಪೈರು ಎಬ್ಬಿಸುವ ಪಾತಿ. ಬಿತ್ತನೆಯನ್ನು ಒಂದು ಕಡೆ ಒತ್ತಾಗಿ ಚೆಲ್ಲಿ, ಪೈರು ಗೇಣುದ್ದ ಬಂದ ಮೇಲೆ ಕಿತ್ತು ಹೊಲದಲ್ಲಿ ನೆಡುವುದು.

“ಆಕುಸ್ತೀನಿ,” ಎಂದಿದ್ದಳು ಜಯಲಕ್ಷ್ಮಮ್ಮ. “ನೀವೇ ನಿಂತು ಆಕುಸ್ತೀರ, ಸುಮ್ಕಿರಿ,” ಎಂದೂ ಸೇರಿಸಿದ್ದಳು.

ಈಗ ಹೆಣ ಮುಂದಿಟ್ಟುಕೊಂಡು ರಾಗಿ ಚೀಲ ಭದ್ರವಾಗಿದೆಯಾ ನೋಡಿ ಎಂದು ಯಾರನ್ನು ಕೇಳುವುದು? ಕೇಳಿದರೆ ಊರು ಏನಂದೀತು?

*

“ಅಲ್ಲ ಕಣ್ ತಮ್ಮಯ್ಯ, ಜೀಪ್ ಬತ್ತದೋ ಇಲ್ವೋ? ಬತ್ತದೆ ಅಂದ್ರೆ ಕಾಯಣ, ಬರಲ್ಲ ಅಂದ್ರೆ ಎತ್ತಣ,” ಎಂದ ಬೋರಪ್ಪ. ಅವನು ಈ ಮನೆಯ ಹೊಲ ಉಳುತ್ತಲೇ ಮುದುಕನಾದವನು.

ಸತ್ತವನ ಅಣ್ಣ ತಮ್ಮಯ್ಯನಿಗೂ ಗೊತ್ತಿರಲಿಲ್ಲ. ಹಾಸನಕ್ಕೆ ಹೋಗುವ ಮೊದಲ ಬಸ್ಸಿನ ಕಂಡಕ್ಟರ ಬಾಯಲ್ಲಿ ಸುದ್ದಿ ಕಳಿಸಿದ್ದರು. ಊರಲ್ಲಿ ಆಗಲೇ ಜೀಪು ಎಂಬ ಮಾತು ಎದ್ದಿತ್ತು. ಯಾರು ಎಬ್ಬಿಸಿದರೋ.

“ಆಪೀಸರ್ರು ಸತ್ರೆ ಜೀಪ್ ಬರ್ದೇ ಇದ್ದಾದಾ?” ಎಂದ ಗುಂಪಿನಲ್ಲೊಬ್ಬ.

“ಇವ್ನು ಎಂಥಾ ಆಪೀಸರ್ರು ಅಂತ ನಂಗಂತೂ ಇವತ್ತಿನ್ಗಂಟ ತಿಳೀನಿಲ್ಲ ಕಣ್ರಪ್ಪ. ಬಾಟ್ನಿ ಅಂತಿದ್ದ. ಬಾಟ್ನಿ ಅಂದ್ರೆ ಅಮಲ್ದಾರ್ರಿಗಿಂತ ಮ್ಯಾಲಾ ಕೆಳ್ಗಾ?” ಎಂದ ಇನ್ನೊಬ್ಬ.

“ರಾಗಿಗೆ ಮದ್ವೆ ಮಾಡ್ಸೋ ಕೆಲ್ಸ ಕಣ್ಲಾ ಅದು. ಎಲ್ಡ್ ತೆನೆ ತಗಂಡು, ಜೋಡ್ಸಿ ಕಟ್ಟಿ, ಮ್ಯಾಲೆ ಒಂದ್ ಕಾಗ್ದದ ಟೋಪಿ ಇಡಾದು. ನಾನೇ ಆಸ್ನದಲ್ಲಿ ಕಣ್ಣಾರೆ ಕಂಡಿವ್ನಿ,” ಎಂದ ಬೋರಪ್ಪ. “‘ಗಂಡ್ಯಾವ್ದಯ್ಯ, ಎಣ್ಯಾವ್ದು?’ ಅಂದೆ. ‘ಎಲ್ಡೂ ಎಲ್ಡೇ ಬೋರಣ್ಣ, ಅದೇ ಕಷ್ಟ’ ಅಂದ. ನಂಗ್ ತಲೆಬುಡ ಅರ್ಥಾಗ್ನಿಲ್ಲ. ಊಂ ಅಂದೆ.”

ಒಬ್ಬಿಬ್ಬರು ನಗಲು ಹೋಗಿ, ಎಲ್ಲಿ ಕೂತಿದ್ದೇವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ತಮ್ಮಯ್ಯನ ಮುಖದಲ್ಲೂ ನಗು ಬಂದು ಹೋಯಿತು. ಅವನು ಹಿಂದಿನ ವಾರ ತಾನೆ ಮೇಗಲ ಹೊಲವನ್ನು ಎರಡು ಸಲ ಉತ್ತು ಹದ ಮಾಡಿದ್ದ. ಅದೇ ಹೊಲದ ಮೂಲೆಯಲ್ಲಿ, ಅಪ್ಪನ ಗುಡ್ಡೆಯ ಪಕ್ಕದಲ್ಲಿ, ಈಗ ತಮ್ಮನಿಗೆ ಕುಣಿ ತೋಡಿಸಿ ಬಂದಿದ್ದ. ಹೊಲಕ್ಕೆ ಮಾಡಿದ ಹದ ಯಾತಕ್ಕಾಯಿತು ಎಂದು ಅವನಿಗೆ ದಿಕ್ಕು ತೋಚುತ್ತಿರಲಿಲ್ಲ.

ಆಕಾಶ ಮುಚ್ಚಿಕೊಂಡಿತ್ತು. ಅರವತ್ತೈದನೇ ಇಸವಿಯ ಆ ವಿಶ್ವಾವಸು ಸಂವತ್ಸರದಲ್ಲಿ ಆರಿದ್ರೆ ಹಿಂದಿನ ದಿನವಷ್ಟೇ ಹುಟ್ಟಿತ್ತು.

“ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರ ಅಂತಾರೆ,” ಎಂದ ಬೋರಪ್ಪ ಮೇಲೆ ನೋಡಿ. “ಇವ್ನು ಬಿತ್ನೆ ಟೇಮ್‌ಗೆ ಸರ್ಯಾಗ್ ಒಂಟ ನೋಡು.”

*

ಇಂಟರ್‌ಮೀಡಿಯೆಟ್ ಪಾಸು ಮಾಡಿದ ಚಂದ್ರಯ್ಯ ಹೆಬ್ಬಾಳದ ಬೇಸಾಯದ ಕಾಲೇಜಿಗೆ ಸೇರುತ್ತೇನೆ ಎಂದದ್ದು ಐವತ್ತೊಂದನೇ ಇಸವಿಯಲ್ಲಿ. ಹೊಳೆನರಸೀಪುರದ ಸುತ್ತಿನಲ್ಲಿ ಅಷ್ಟು ಓದಿದವರು ಆಗ ಕಡಿಮೆ. ಅಮಲ್ದಾರನಾಗುತ್ತಾನೆ ಎಂದು ಮುದ್ದಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು.

“ಉಳಾದ್ ಕಲ್ಯಕ್ಕೆ ಬೆಂಗ್ಳೂರ್ಗೆ ಯಾಕ್ಲಾ ಓಗ್ಬೇಕು?” ಎಂದು ಅಪ್ಪ ಉಣ್ಣುವ ತಟ್ಟೆ ಸರಿಸಿದ. “ಬೋರಪ್ಪನ್ ಇಂದೆ ನಾಕ್ ದಿನ ಮೇಣಿ ಇಡ್ಕಂಡ್ ಓಗು, ಪುಗಸಟ್ಟೆ ಕಲಿಸ್ತಾನೆ.”

“ಉಳಾದಲ್ಲ ಅಪ್ಪ. ತಳಿ ಮಾಡಾದು.”

“ನಮ್ ರಾಗಿಗೇನಾಗದೆ? ಏನ್ ಕಾಯ್ಲೆ ಬಂದದೆ ಅದ್ಕೆ?” ಎಂದಳು ಮುದ್ದಮ್ಮ.

“ಕಾಯ್ಲೇನೇ ಕಣವ್ವ. ಬೆಂಕಿರೋಗದ್ ವರ್ಷ ಮರೆತ್ಬುಟ್ಯಾ?”

ಮರೆತಿರಲಿಲ್ಲ. ಅವನು ಮಿಡ್ಲಿಸ್ಕೂಲಿಗೆ ಹೋಗುತ್ತಿದ್ದಾಗ ಒಂದು ವರ್ಷ ಮೇಗಲ ಹೊಲದ ರಾಗಿಗೆ ಬೆಂಕಿರೋಗ ಬಿದ್ದಿತ್ತು. ಹಾಲುಗಾಳು ಕಟ್ಟುವ ಹೊತ್ತಿನಲ್ಲಿ ಕುತ್ತಿಗೆ ಕಪ್ಪಾಗಿ, ತೆನೆಗಳು ಕುತ್ತಿಗೆ ಮುರಿದು ಜೋತುಬಿದ್ದವು. ಒಂದೊಂದು ತೆನೆಯೂ ಜೊಳ್ಳು. ಆದರೆ ಬದುವಿನ ಮೂಲೆಯಲ್ಲಿ ಒಂದೇ ಒಂದು ಬುಡ ಹಸಿರಾಗಿ, ತೆನೆ ಬಿಗಿಯಾಗಿ, ಏನೂ ಆಗದ ಹಾಗೆ ನಿಂತಿತ್ತು. ಹುಡುಗ ಸ್ಕೂಲಿಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಅದನ್ನು ನಿಂತು ನೋಡುತ್ತಿದ್ದ. ಕುಯ್ಲಿನ ದಿನ ಅವನು ಬರುವಷ್ಟರಲ್ಲಿ ಮುದ್ದಮ್ಮ ಆ ಬುಡವನ್ನೂ ಕುಯ್ದು ಉಳಿದ ಮೆದೆಯ ಜೊತೆ ಕಣಕ್ಕೆ ಹಾಕಿಬಿಟ್ಟಿದ್ದಳು. ಒಕ್ಕುವ ಗುಂಡು ಉರುಳಿತು, ಕಾಳು ಬೆರೆಯಿತು. ಯಾವುದು ಯಾವುದೆಂದು ಬ್ರಹ್ಮನೂ ಹೇಳಲಾರ. ಹುಡುಗ ಆ ಹೊತ್ತು ಉಣ್ಣಲಿಲ್ಲ.

“ಆ ಬುಡ ಯಾಕ್ ಸಾಯ್ನಿಲ್ಲ ಅಂತ ತಿಳ್ಕಬೇಕು ಕಣವ್ವ. ಅದ್ಕೇ ಓಗ್ತೀನಿ.”

“ಒಂದ್ ಬುಡ ರಾಗಿ ಕುಯ್ದಿದ್ದ ಇನ್ನೂ ಎದೇಲಿ ಇಟ್ಕಂಡಿವ್ನೆ ನೋಡಿ!” ಎಂದು ಮುದ್ದಮ್ಮ ಗಂಡನ ಕಡೆ ತಿರುಗಿ ನಕ್ಕಳು. ಗಂಡ ನಗಲಿಲ್ಲ. ಮಗನೂ ನಗಲಿಲ್ಲ. ತಾನೇನು ತಪ್ಪು ಆಡಿದೆನೆಂದು ಅವಳಿಗೆ ತಿಳಿಯದೆ ಹೋಯಿತು.

*

ಜೀಪು ಬರಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಕೆರೆಯ ಏರಿಯ ಮೇಲೆ ಒಬ್ಬ ಸಣಕಲು ಮನುಷ್ಯ ಕೊಡೆ ಹಿಡಿದು ಬೇಗ ಬೇಗ ನಡೆದು ಬಂದ. ಹೊಳೆನರಸೀಪುರದವರೆಗೆ ರೈಲು, ಅಲ್ಲಿಂದ ಕಾಲು. ಮೊಣಕಾಲ ತನಕ ಕೆಸರಾಗಿತ್ತು. ಚಂದ್ರಯ್ಯನ ಜೊತೆ ಹಾಸನದ ಸರ್ಕಾರಿ ಫಾರಮ್ಮಿನಲ್ಲಿ ಕೆಲಸ ಮಾಡುತ್ತಿದ್ದ ಇಂದ್ರಕುಮಾರ್, ಶ್ರವಣಬೆಳಗೊಳದ ಕಡೆಯ ಜೈನರವನು.

“ಸಾ, ಆಪೀಸಿಂದ ಬೇರೆ ಯಾರಾರ ಬತ್ತಾರಾ?” ಎಂದ ಬೋರಪ್ಪ.

“ನಾನೇ ಬಂದಿರೋದು.”

“ಜೀಪು?”

“ಜೀಪಾ?” ಎಂದ ಇಂದ್ರಕುಮಾರ್. ಅವನಿಗೆ ಅರ್ಥವಾಗಲಿಲ್ಲ. ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಗೆಳೆಯನ ಕಾಲ ಬಳಿ ನಿಂತ. ಕೊನೆಗೆ ಜಯಲಕ್ಷ್ಮಮ್ಮನ ಕಡೆ ತಿರುಗಿ, “ಅಕ್ಕ, ನಾನು ಇವತ್ತು ಬರೋನೇ ಇದ್ದೆ,” ಎಂದ. “ಕಂಡಕ್ಟರ್ ಹೇಳದೆ ಇದ್ರೂ ಬರ್ತಿದ್ದೆ.”

ಯಾಕೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಹೆಣದ ಮುಂದೆ ಹೇಳುವ ಮಾತಾಗಿರಲಿಲ್ಲ ಅದು. ಹಿಂದಿನ ಚಳಿಗಾಲದಲ್ಲಿ ರಾಗಿ ಪಾತಿಗಳನ್ನೆಲ್ಲ ಹೈಬ್ರಿಡ್ ಜೋಳಕ್ಕೆ ಬಿಡಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಚಂದ್ರಯ್ಯ ಉಳಿದ ಒಂದೇ ಚೀಲ ಬಿತ್ತನೆಯನ್ನು ಎತ್ತಿಕೊಂಡು, ಕಾಯಿಲೆಯ ರಜಾ ಹಾಕಿ ಊರಿಗೆ ಬಂದಿದ್ದ. ಆಮೇಲಿನಿಂದ ಇಂದ್ರಕುಮಾರ್ ಸಾಹೇಬರ ಬಾಗಿಲು ಕಾದು ಕಾದು, ನೆನ್ನೆ ಸಾಯಂಕಾಲ ಫಾರಮ್ಮಿನ ಕೊನೆಯ ಮೂಲೆಯಲ್ಲಿ ಒಂದು ತುಂಡು ನೆಲ ಕೇಳಿ ಪಡೆದಿದ್ದ. ಚೀಲದ ಬಿತ್ತನೆ ಅಲ್ಲಿ ಬೀಳಬಹುದಿತ್ತು. ಅದನ್ನು ಹೇಳಲೆಂದೇ ಹೊರಟಿದ್ದವನಿಗೆ ಹೇಳಬೇಕಾದವನೇ ಇರಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಅವನು ಒಳಗೆ ಹೋದ. ಹಿಂದೆ ಬಂದಿದ್ದಾಗ ಕೊಕ್ಕೆಯಲ್ಲಿ ಚೀಲ ನೋಡಿದ್ದ. ಈಗ ಕೊಕ್ಕೆ ಬರಿದಾಗಿತ್ತು. ಜಯಲಕ್ಷ್ಮಮ್ಮ ತೆಗೆದು ಭದ್ರ ಮಾಡಿದ್ದಾರೆ ಎಂದುಕೊಂಡ. ಪಕ್ಕದಲ್ಲೇ ಮೊಳೆಗೆ ನವಧಾನ್ಯದ ಗಂಟಿನ ಹಾಗೆ ಏನೋ ತೂಗುತ್ತಿತ್ತು, ಅದರ ಮೇಲೆ ಯಾರೋ ಒದ್ದೆ ಟವಲು ಹಾಕಿದ್ದರು.

ಸ್ವಲ್ಪ ಹೊತ್ತಿನ ಮೇಲೆ, ಹೂವು ಮುಡಿಸಿ ಬಳೆ ತೊಡಿಸಲು ಹೆಂಗಸರು ಜಯಲಕ್ಷ್ಮಮ್ಮನನ್ನು ಒಳಗೆ ಕರೆದುಕೊಂಡು ಬಂದರು. ಇನ್ನು ಸ್ವಲ್ಪ ಹೊತ್ತಿಗೆ ಒಡೆಯುವ ಬಳೆ. ಅವಳು ಕೈ ನೀಡಿ ಕೂತು ತಲೆಯೆತ್ತಿದಳು. ಕೊಕ್ಕೆ ಬರಿದು. ನೀಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ, ಇಂದ್ರಕುಮಾರ್ ಈಗ ತಾನೆ ಒಳಗೆ ಬಂದು ಹೋದದ್ದು ನೆನಪಾಯಿತು. ಅವನು ತೆಗೆದುಕೊಂಡಿರಬೇಕು. ಒಂದು ಮಾತು ಹೇಳದೆ ತೆಗೆದುಕೊಂಡನಲ್ಲ ಎಂದು ನೋವಾಯಿತು. ಸದ್ಯ, ತಿಳಿದವನ ಕೈ ಸೇರಿತಲ್ಲ ಎಂದು ಸಮಾಧಾನವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವಳಿಗೇ ತಿಳಿಯಲಿಲ್ಲ.

*

ಮದುವೆಯಾದ ಹೊಸತರಲ್ಲಿ ಜಯಲಕ್ಷ್ಮಮ್ಮನೂ ಊರವರ ಹಾಗೇ ನಗುತ್ತಿದ್ದಳು. ಫಾರಮ್ಮಿನ ಕ್ವಾರ್ಟರ್ಸಿನಲ್ಲಿ ಗಂಡ ಇನ್ನೂ ಕತ್ತಲಿರುವಾಗಲೇ ಏಳುತ್ತಿದ್ದ. ರಾಗಿ ಹೂವು ಬಿಡುವುದು ಕೋಳಿ ಕೂಗುವ ಹೊತ್ತಿಗೆ. ಬೆಳಕು ಹರಿದರೆ ಅದರ ಸಂಸಾರ ಮುಗಿಯಿತು.

“ಊವಾ? ರಾಗೀಲಿ ಊವು ಯಾರ್ ನೋಡವ್ರೆ?”

“ಬಾ, ತೋರುಸ್ತೀನಿ.”

ತೋರಿಸಿದ. ಎಳ್ಳಿನ ಸಿಪ್ಪೆಗಿಂತ ಚಿಕ್ಕದು. ಅದರೊಳಗೇ ಗಂಡು, ಅದರೊಳಗೇ ಹೆಣ್ಣು. ಬಿಡಿಸಿ ಬೇರೆ ಮಾಡಲು ಯಾವ ಕೈಯಿಂದಲೂ ಆಗದು. ಅದಕ್ಕೇ ಎರಡು ತೆನೆಗಳನ್ನು ಒತ್ತಿ ಕಟ್ಟಿ, ಕಾಗದದ ಚೀಲ ಹಾಕಿ, ಒಂದರ ಹುಡಿ ಇನ್ನೊಂದಕ್ಕೆ ಬಿದ್ದೀತು ಎಂದು ಕಾಯುವುದು. ಒಂದು ನಮ್ಮ ಕಡೆಯ ಹಸಿರು ರಾಗಿ, ರುಚಿ ಇದ್ದದ್ದು, ಹುಲ್ಲು ದನಕ್ಕೆ ಹಿತವಾದದ್ದು. ಇನ್ನೊಂದು ಎಲ್ಲಿಂದಲೋ ತರಿಸಿದ ಕಂದು ಬುಡದ ರಾಗಿ, ಬೆಂಕಿರೋಗಕ್ಕೆ ಬಗ್ಗದ್ದು.

“ಬಿದ್ದದೋ ಇಲ್ವೋ ಎಂಗ್ ಗೊತ್ತಾಯ್ತದೆ?”

“ಈಗ ಗೊತ್ತಾಗಲ್ಲ. ಹಸಿರು ತೆನೇ ಕಾಳ ಒಟ್ಲಿಗೆ ಹಾಕಿ ನೋಡ್ಬೇಕು. ಹಸಿರು ತಾಯಿ ಹೊಟ್ಟೇಲಿ ಕಂದು ಬುಡದ ಪೈರು ಹುಟ್ಟಿದ್ರೆ, ಸಂಬಂಧ ಕೂಡ್ತು ಅಂತ.”

ಆ ವರ್ಷ ಕೂಡಲಿಲ್ಲ. ಮರುವರ್ಷವೂ ಇಲ್ಲ. ಒಟ್ಲಿನ ತುಂಬ ಹಸಿರೇ ಹಸಿರು. ಮಕ್ಕಳಿಲ್ಲದ ಜಯಲಕ್ಷ್ಮಮ್ಮನನ್ನು ನೆಂಟರು ಹರಕೆ, ಮದ್ದು ಎಂದು ಕರೆಯುತ್ತಿದ್ದಾಗ, ಅವಳು ಬೆಳಗಾದರೆ ಒಟ್ಲಿನ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಪೈರಿನ ಬುಡ ನೋಡುತ್ತಿದ್ದಳು. ಮೂರನೆಯ ವರ್ಷ, ಒಂದು ದಿನ, ಹಸಿರಿನ ನಡುವೆ ಒಂದು ಎಳೆಯ ಬುಡ ಕಂಡಿತು. ಎಲೆಯಡಿಕೆ ಹಾಕಿದ ತುಟಿಯ ಹಾಗಿತ್ತು.

“ಇಲ್ಲೊಂದದೆ!” ಎಂದು ಕೂಗಿದಳು.

ಚಂದ್ರಯ್ಯ ಓಡಿಬಂದ. ಮಂಡಿಯೂರಿ ಕೂತು, ತಲೆಯ ಮೇಲಿನ ಟೋಪಿ ತೆಗೆದು, ಆ ಒಂದು ಪೈರಿಗೆ ಬಿಸಿಲು ಬೀಳದ ಹಾಗೆ ಅಡ್ಡ ಹಿಡಿದ. ಆಗಿನ್ನೂ ಹೊಸದಾಗಿ ಬಂದಿದ್ದ ಇಂದ್ರಕುಮಾರ್, “ಬಿಸಿಲಿಗೇನೂ ಆಗಲ್ಲ ಸಾರ್ ಅದಕ್ಕೆ,” ಎಂದ. “ಗೊತ್ತು ಕಣಯ್ಯ,” ಎಂದ ಚಂದ್ರಯ್ಯ. ಟೋಪಿ ಮಾತ್ರ ತೆಗೆಯಲಿಲ್ಲ.

ಕೊಕ್ಕೆಯ ಚೀಲದಲ್ಲಿ ಇದ್ದದ್ದು ಆ ಪೈರಿನ ವಂಶ. ವರ್ಷ ವರ್ಷ ಬಿತ್ತಿ, ರೋಗದ ಪಾತಿಯಲ್ಲಿ ನಿಲ್ಲಿಸಿ, ಬಿದ್ದದ್ದನ್ನು ಬಿಟ್ಟು ನಿಂತದ್ದನ್ನು ಆಯ್ದು, ಕೊನೆಗೆ ಉಳಿದದ್ದು.

*

ತಮಟೆ ಮುಂದೆ, ಹೆಣ ಹಿಂದೆ. ಹೆಂಗಸರು ಅರಳಿಮರದ ತನಕ ಬಂದು ನಿಂತರು. ಗಂಡಸರು ಮೇಗಲ ಹೊಲಕ್ಕೆ ನಡೆದರು. ಉತ್ತ ಮಣ್ಣಿನಲ್ಲಿ ಎಲ್ಲರ ಕಾಲೂ ಹೂಳುತ್ತಿದ್ದವು.

ಇಂದ್ರಕುಮಾರನ ಜನರಲ್ಲಿ ಸುಡುತ್ತಾರೆ. ಮಣ್ಣು ಮಾಡುವುದನ್ನು ಅವನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಎಲ್ಲಿ ನಿಲ್ಲಬೇಕು, ಯಾವಾಗ ಕೈ ಮುಗಿಯಬೇಕು ತಿಳಿಯದೆ ಬೋರಪ್ಪನನ್ನು ನೋಡಿ ಅವನು ಮಾಡಿದಂತೆ ಮಾಡುತ್ತಿದ್ದ. ಮೂರು ಹಿಡಿ ಮಣ್ಣು ಹಾಕು ಎಂದರು, ಹಾಕಿದ. ಗುಡ್ಡೆ ಎದ್ದಿತು. ಸನಿಕೆಯ ಬೆನ್ನಿನಿಂದ ಬೋರಪ್ಪ ಅದನ್ನು ತಟ್ಟಿ ನಯ ಮಾಡಿದ. ಮಕ್ಕಳಿಲ್ಲದವನಿಗೆ ಅಣ್ಣ ತಮ್ಮಯ್ಯನೇ ತೂತಿನ ಮಡಕೆ ಹೊತ್ತು ಸುತ್ತು ಬಂದು ತಲೆಯ ಕಡೆ ಒಡೆದ. ನೀರು ಗುಡ್ಡೆಗೆ ಇಂಗಿತು. ಆಮೇಲೆ ತಮ್ಮಯ್ಯ ಹೆಗಲ ಟವಲಿನಡಿಯಿಂದ ಒಂದು ಚೀಲ ತೆಗೆದು, ಬಾಯಿ ಬಿಚ್ಚಿ, ಬಿತ್ತುವವನ ಹಾಗೇ ಕೈ ಬೀಸಿ ಚೆಲ್ಲತೊಡಗಿದ.

ಚೀಲದ ದಾರದಲ್ಲಿ ತಗಡು ಮಿನುಗಿತು.

“ತಡೀರಿ!” ಎಂದು ಇಂದ್ರಕುಮಾರ್ ಕೂಗಿದ. “ತಡೀರಿ ತಮ್ಮಯ್ಯನೋರೆ! ಅದು ಬೇಡ! ಅದು ಚಂದ್ರಯ್ಯಂದು!”

“ಅವಂದೇ ಸಾ,” ಎಂದ ತಮ್ಮಯ್ಯ, ಕೈ ನಿಲ್ಲಿಸದೆ. “ಅವ್ನಿಗೇ ಆಕ್ತಾ ಇರಾದು.”

“ಅಯ್ಯೋ, ಹಾಗಲ್ಲ…” ಇಂದ್ರಕುಮಾರ್ ಗುಡ್ಡೆಯ ಕಡೆ ನುಗ್ಗಿದ. ಇಬ್ಬರು ಅವನ ರಟ್ಟೆ ಹಿಡಿದರು.

“ಬುಡಿ ಸಾ, ಓಗೋನು ಓದ. ನೀವ್ ಇಂಗಾಡಿದ್ರೆ ಆ ತಾಯಿ ಗತಿಯೇನು,” ಎಂದು ಒಬ್ಬ ಬೆನ್ನು ಸವರಿದ. ಒಡಹುಟ್ಟಿದವರಿಗಿಂತ ಹೆಚ್ಚು ಎಂದು ಇನ್ನೊಬ್ಬ ಲೊಚಗುಟ್ಟಿದ. ಅಷ್ಟರಲ್ಲಿ ಚೀಲ ಬರಿದಾಗಿತ್ತು. ಬೋರಪ್ಪ ಹುಣಸೆಕಡ್ಡಿಯ ಬರಲಿನಿಂದ ಮಣ್ಣು ಮೇಲೆಳೆದು ಕಾಳು ಮುಚ್ಚಿದ. ಬಾಳೆಯೆಲೆಯಲ್ಲಿ ಅನ್ನದ ಎಡೆ ಇಟ್ಟರು.

ಉಸಿರು ತಿರುಗಿದ ಮೇಲೆ ಇಂದ್ರಕುಮಾರ್ ಹೇಳಿದ. ಅದು ಎಂಥಾ ರಾಗಿ, ಬೇರೆ ಎಲ್ಲೂ ಇಲ್ಲ, ಹೇಗೆ ಬಂತು. ತಮ್ಮಯ್ಯ ಬರಿದಾದ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದ.

“ನಂಗೇನ್ ಗೊತ್ತು ಸಾ? ಒಳಗಿಂದ ಕೊಟ್ರು, ತಗಂಡ್ ಬಂದೆ.” ಚೀಲವನ್ನು ಮಡಚುತ್ತ, “ಗುಡ್ಡೆಗೆ ಬಿದ್ದಿದ್ದ ತಿರುಗಿ ಎತ್ತಂಗಿಲ್ಲ,” ಎಂದ. ಹೇಳಿದ್ದೋ ಕೇಳಿದ್ದೋ ತಿಳಿಯದ ದನಿಯಲ್ಲಿ.

“ನಡೀರಿ ನಡೀರಿ. ಯಾರೂ ತಿರುಗಿ ನೋಡ್ಬ್ಯಾಡಿ,” ಎಂದ ಬೋರಪ್ಪ.

ಎಲ್ಲರೂ ತಲೆ ತಗ್ಗಿಸಿ ನಡೆದರು. ಇಂದ್ರಕುಮಾರ್ ತಿರುಗಿ ನೋಡಿದ. ಎಡೆಗೆ ಆಗಲೇ ಒಂದು ಕಾಗೆ ಇಳಿದಿತ್ತು.

*

ಮನೆಯಲ್ಲಿ ಸ್ನಾನ ಮುಗಿದು, ಹೆಣ ಇಟ್ಟ ಜಾಗದಲ್ಲಿ ದೀಪ ಹಚ್ಚಿದ್ದರು. ಜಯಲಕ್ಷ್ಮಮ್ಮ ಮೂಲೆಯಲ್ಲಿದ್ದಳು, ಬರಿಗೈ ಸೆರಗಿನೊಳಗೆ. ಪಕ್ಕದಲ್ಲಿ ಮುದ್ದಮ್ಮ.

“ಸಾ, ನೀವು ಒತ್ತು ಮುಳುಗೋಕ್ ಮುಂಚೆ ತಿನ್ನೋರು. ಇಲ್ಲಿ ಒಲೆ ಅಚ್ಚಂಗಿಲ್ಲ,” ಎಂದು ಬೋರಪ್ಪ ಒಂದು ಎಳನೀರು ಕೆತ್ತಿ ಇಂದ್ರಕುಮಾರನ ಮುಂದೆ ಇಟ್ಟ. ಅವನು ಅದನ್ನು ಮುಟ್ಟಲಿಲ್ಲ. ಮಾತು ಎಲ್ಲಿಂದ ಎತ್ತಬೇಕೆಂದು ಹುಡುಕುತ್ತಿದ್ದ.

ಜಯಲಕ್ಷ್ಮಮ್ಮನೇ ಎತ್ತಿದಳು. “ಚೀಲ ನಿಮ್ ಕೈ ಸೇರ್ತಲ್ಲ ಅಣ್ಣ, ಅಷ್ಟು ಸಾಕು. ಒಂದ್ ಮಾತು ಏಳಿದ್ರಾಗಿತ್ತು. ಇರ್ಲಿ.”

“ನನ್ನ ಕೈ ಸೇರಲಿಲ್ಲ ಅಕ್ಕ,” ಎಂದ ಇಂದ್ರಕುಮಾರ್. “ನೀವು ತೆಗೆದಿಟ್ಟಿದೀರಿ ಅಂದ್ಕೊಂಡಿದ್ದೆ.”

ಗುಡ್ಡೆಯ ಹತ್ತಿರ ನಡೆದದ್ದನ್ನೆಲ್ಲ ಹೇಳಿದ. ಮೊದಲು ಬಾಯಿ ತೆರೆದವಳು ಲಕ್ಷ್ಮಿದೇವಮ್ಮ.

“ಅಯ್ಯೋ, ನನ್ ಕೈ ಸೇದೋಗ! ನಾನು ರಾಗಿ ಅನ್ಕಂಡೆ ಕಣವ್ವ!”

“ರಾಗೀನೇ ಕಣತ್ತೆ,” ಎಂದಳು ಜಯಲಕ್ಷ್ಮಮ್ಮ. ಅಳಲೂ ಇಲ್ಲ, ಬೈಯಲೂ ಇಲ್ಲ.

“ಅತ್ಗೇನ ಕೇಳ್ದೆ ಕಣೇ. ಅತ್ಗೆ ಊಂ ಅಂತು. ಅಲ್ವಾ ಅತ್ಗೆ?”

ಮುದ್ದಮ್ಮ ಈ ಸಲ ತಲೆಯಾಡಿಸಲಿಲ್ಲ. ಬರಿದಾದ ಕೊಕ್ಕೆಯನ್ನು ನೋಡುತ್ತಿದ್ದಳು.

“ಭಾವ,” ಎಂದಳು ಜಯಲಕ್ಷ್ಮಮ್ಮ ತಮ್ಮಯ್ಯನ ಕಡೆ ತಿರುಗಿ. “ಒಟ್ಲಿಗೆ ಚೆಲ್ಲಿದಂಗೇ ಆಯ್ತಲ್ವಾ? ಬ್ಯಾರೆ ರಾಗಿ ಅದ್ರಾಗಿಲ್ಲ. ಅವರೇ ಅದೆ, ಉರುಳಿ ಅದೆ, ಅವೆಲ್ಲ ಗುರ್ತು ಸಿಕ್ತವೆ. ಪೈರು ಬಂದ್ಮೇಲೆ ಕಿತ್ತು…”

“ಗುಡ್ಡೆ ಮ್ಯಾಲಿಂದ ಕಿತ್ತಾ?” ಲಕ್ಷ್ಮಿದೇವಮ್ಮ ಎದೆ ಮೇಲೆ ಕೈ ಇಟ್ಟಳು. “ಸತ್ತೋನ್ ಬಾಯಿಂದ ಕಿತ್ಕಂಡಂಗೆ ಕಣವ್ವ! ಅದ ಉಂಡ್ರೆ ಮನೆ ಉಳಿದಾದಾ?”

“ಅವ್ರೇ ಏಳಿದ್ರಲ್ಲ ಆಕ್ಸು ಅಂತ,” ಎಂದಳು ಜಯಲಕ್ಷ್ಮಮ್ಮ.

“ಒಲದಾಗೆ ಆಕು ಅಂದ, ಅವನ್ ಮ್ಯಾಲೆ ಆಕು ಅಂದ್ನಾ?”

“ಒಲದಾಗೇ ಅದ್ಯಲ್ಲ ಅವನ ಗುಡ್ಡೆ,” ಎಂದ ಬೋರಪ್ಪ. ಆಮೇಲೆ ತಾನು ಯಾರ ಪರ ಮಾತಾಡಿದೆ ಎಂದು ಅವನಿಗೇ ಅನುಮಾನ ಬಂದು, “ಕಿತ್ರೆ ತಪ್ಪಾ ಕಿತ್ದಿದ್ರೆ ತಪ್ಪಾ, ಯಾರ್ನ್ ಕೇಳಾದು? ಐನೋರ್ನ ಕೇಳ್ಬೇಕೋ, ಆಪೀಸ್ನೋರ್ನ ಕೇಳ್ಬೇಕೋ?” ಎಂದ.

ತಮ್ಮಯ್ಯ ತಲೆ ಹಿಡಿದುಕೊಂಡು ಕೂತ. “ಇವತ್ತು ನನ್ನ ಏನೂ ಕೇಳ್ಬ್ಯಾಡಿ.”

“ಕೀಳೋದು ಆಮೇಲಿನ ಮಾತು,” ಎಂದ ಇಂದ್ರಕುಮಾರ್ ಮೆಲ್ಲಗೆ. “ಅಲ್ಲಿ ಕಾಗೆ ಇಳಿದಿದ್ದು ನೋಡಿದೆ. ನಾಳೆ ಹೊತ್ತಿಗೆ ಏನು ಉಳಿದಿರುತ್ತೋ.”

“ಕಾಗೆ ಮುಟ್ಲೇಬೇಕಲ್ಲ ಸಾ! ಕಾಗೆ ಮುಟ್ನಿಲ್ಲ ಅಂದ್ರೆ ಅವನ್ಗೆ ಏನೋ ಆಸೆ ಉಳ್ಕಂಡದೆ ಅಂತ,” ಎಂದಳು ಲಕ್ಷ್ಮಿದೇವಮ್ಮ.

“ಉಳ್ಕಂಡದ್ಯಲ್ಲ ಅತ್ತೆ,” ಎಂದಳು ಜಯಲಕ್ಷ್ಮಮ್ಮ.

ದೀಪಕ್ಕೆ ಎಣ್ಣೆ ಹಾಕಲು ಯಾರೋ ಮುದ್ದಮ್ಮನನ್ನು ಕೂಗಿದರು. ಮೂಲೆಯಲ್ಲಿ ಮುದ್ದಮ್ಮ ಇರಲಿಲ್ಲ. ಅವಳ ಊರುಗೋಲೂ ಇರಲಿಲ್ಲ. ಹಿತ್ತಿಲಲ್ಲಿ ನೋಡಿದರು, ಕೊಟ್ಟಿಗೆಯಲ್ಲಿ ನೋಡಿದರು, ಲಕ್ಷ್ಮಿದೇವಮ್ಮ ಹೆದರಿ ಬಾವಿ ಇಣುಕಿ ಬಂದಳು. ಜಯಲಕ್ಷ್ಮಮ್ಮ ಎದ್ದು ಬಾಗಿಲು ದಾಟಿದಳು. ದಾಟಬಾರದು ಎಂದು ಯಾರೋ ಅಂದರು. ಯಾರ ಕೈಯೂ ಅವಳನ್ನು ಹಿಡಿಯಲಿಲ್ಲ. ಒಬ್ಬರ ಹಿಂದೆ ಒಬ್ಬರು ಅರಳಿಮರದ ತನಕ ಬಂದರು.

ಹೊತ್ತು ಮುಳುಗಲು ಮಾರುದ್ದವಿತ್ತು. ಮೋಡದ ಅಂಚಿನಿಂದ ಕೆಂಪು ಬೆಳಕು ಮೇಗಲ ಹೊಲದ ಮೇಲೆ ಅಡ್ಡ ಬಿದ್ದಿತ್ತು. ಬಾಳೆಯೆಲೆಯ ಎಡೆ ಗುಡ್ಡೆಯ ಹತ್ತಿರ ಇರಲಿಲ್ಲ. ಯಾರೋ ಅದನ್ನು ಎತ್ತಿ, ಹೊಲದ ಆ ಕೊನೆಯ ಬದುವಿನ ಮೇಲೆ, ಕಾಗೆಗಳಿಗೆ ಎದ್ದು ಕಾಣುವ ಹಾಗೆ ಇಟ್ಟಿದ್ದರು. ಗುಡ್ಡೆಯ ಸುತ್ತ ಜಾಲಿಮುಳ್ಳಿನ ಕೊಂಬೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಮಗನ ಕಾಲ ಕಡೆ ಮುದ್ದಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು, ಮಡಿಲ ತುಂಬ ಮಣ್ಣಿನ ಹೆಂಟೆ.

“ಅತ್ಗೇ! ಕಾಗೆ ಓಡುಸ್ಬ್ಯಾಡ ಕಣೇ! ಮುಟ್ಲಿ ಬುಡು!” ಎಂದು ಲಕ್ಷ್ಮಿದೇವಮ್ಮ ಮರದ ಬುಡದಿಂದ ಕೂಗಿದಳು.

ಮುದ್ದಮ್ಮ ತಿರುಗಿ ನೋಡಲಿಲ್ಲ. ತೆನೆಗಾಳು ಬಲಿಯುವಾಗ ಹೊಲ ಕಾಯುವವರು ಕೂಗುವ ಹಾಗೆ, ಆ ಹೊಲದಲ್ಲಿ ಇನ್ನೂ ಒಂದು ಗರಿಯೂ ಏಳುವ ಮೊದಲೇ, ಅವಳು ಒಮ್ಮೆ “ಹೋ… ಹೋ…” ಎಂದಳು. ತಮ್ಮಯ್ಯ ಹೊಲದಲ್ಲೇ ಬಿಟ್ಟಿದ್ದ ನೇಗಿಲ ಮೇಣಿಯ ಮೇಲೆ ಕೂತಿದ್ದ ಕಾಗೆ ಕತ್ತು ಓರೆ ಮಾಡಿ ಅವಳನ್ನೇ ನೋಡಿತು. ಮುದ್ದಮ್ಮನೂ ಅದನ್ನೇ ನೋಡುತ್ತ, ಎತ್ತಿದ ಹೆಂಟೆಯನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು.